ತೆಲುಗು ಪದ, ಕನ್ನಡ ಅಕ್ಷರ, ತಾತನ ತಂಬೂರಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಹೋಗಿದ್ದು ತಂಬೂರಿ ನೋಡಲು. ಹೊತ್ತು ಕಳೆದದ್ದು ಮಾತ್ರ ಒಂದು ಹಳೆಯ ಲೆಕ್ಕದ ಪುಸ್ತಕದ ಮುಂದೆ. ಹಾಳೆ ತುಂಬ ಕೈವಾರ ತಾತಯ್ಯನ ಪದಗಳು. ಭಾಷೆ ತೆಲುಗು, ಅಕ್ಷರ ಕನ್ನಡ. ಪುಸ್ತಕದ ಒಡೆಯರಾದ ಭಜನೆ ತಾತನ ಮನೆಮಾತು ತೆಲುಗು. ತೆಲುಗು ಅಕ್ಷರ ಮಾತ್ರ ಬರದು. "ಇಲ್ಲೀವರೆಗೂ ನಮ್ಮಪ್ಪ ಬರೆದಿದ್ದು ಸಾರ್, ಇಲ್ಲಿಂದಾಚೆ ನಂದು" ಎಂದು ಶಾಯಿ ಬದಲಾದ ಜಾಗ ತೋರಿಸಿದರು.

ಸ್ವರಲಿಪಿ ಎಲ್ಲೂ ಇಲ್ಲ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಗುರುತುಗಳಿವೆ: 'ಅತ್ತೆ ಊರಿನ ಧಾಟಿ', 'ಬೆಳಗಿನ ಜಾವಕ್ಕೆ', 'ಸಾವಿನ ಮನೆಗೆ'. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುವ ಸೀಮೆ ಇದು. ಸರಿರಾತ್ರಿ ದಾಟಿದ ಮೇಲೆ ಯಾವ ಪದ ಎತ್ತಬೇಕು, ಅಳುವವರು ಸುಸ್ತಾದಾಗ ಯಾವುದು ಎಂಬುದಕ್ಕೆಲ್ಲ ತಾತನ ಬಳಿ ಲೆಕ್ಕವಿದೆ.

ತಂಬೂರಿ ಬಗ್ಗೆ ಹೇಳುವುದು ಕಡಿಮೆ. ಒಣಗಿಸಿ ತಿರುಳು ತೆಗೆದ ಸೋರೆ ಬುರುಡೆ, ಅದಕ್ಕೊಂದು ಉದ್ದನೆಯ ಮರದ ದಂಡಿ, ಬಿರಡೆ, ತಂತಿ. ಗುಟ್ಟಿರುವುದು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ. ಅಲ್ಲಿ ತಂತಿಯ ಕೆಳಗೆ ಒಂದೆಳೆ ಹತ್ತಿ ನೂಲು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ನಾದ ದುಂಬಿಯಂತೆ ಗುಂಯ್‌ಗುಡುತ್ತದೆ. ತಾತ ಅದಕ್ಕೆ ತೆಗೆದುಕೊಂಡ ಹೊತ್ತಿನಲ್ಲಿ ನನ್ನ ಕಾಫಿ ಆರಿತ್ತು.

ಚರಿತ್ರೆಯನ್ನೂ ಅವರ ಬಾಯಲ್ಲೇ ಕೇಳಿದೆ. ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾಗಿ, ಕೈವಾರ ತಾತಯ್ಯ ಎನಿಸಿಕೊಂಡು, ಅಮರ ನಾರೇಯಣನ ಅಂಕಿತದಲ್ಲಿ ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದರು. 1726ರಿಂದ 1836ರವರೆಗೆ, ನೂರಹತ್ತು ವರ್ಷ ಬದುಕಿದರೆಂದು ಭಕ್ತರ ನಂಬಿಕೆ. 2007ರಲ್ಲಿ ಕೋಲಾರ ಜಿಲ್ಲೆ ಒಡೆದಾಗ ಕೈವಾರ ಚಿಕ್ಕಬಳ್ಳಾಪುರಕ್ಕೆ ಸೇರಿತು. ಭಜನೆಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಮುಳಬಾಗಿಲು. ಹದಿನೈದನೇ ಶತಮಾನದಲ್ಲಿ ಸಂಸ್ಕೃತದ ಮಠದೊಳಗೆ ಕನ್ನಡ ಪದಕ್ಕೆ ಜಾಗ ಮಾಡಿಕೊಟ್ಟ ಶ್ರೀಪಾದರಾಜರ ವೃಂದಾವನ ಅಲ್ಲಿನ ನರಸಿಂಹತೀರ್ಥದಲ್ಲಿದೆ.

ಸಾದಾ ವಾದ್ಯ, ಮರ್ಯಾದಸ್ಥರು ಮೂಗು ಮುರಿಯುವ ಹಾಡು: ಈ ಜೋಡಿ ಕಂಡಾಗ ನನಗೆ ಕೆರಿಬಿಯನ್ ಕಡಲಿನ ಡೊಮಿನಿಕನ್ ಗಣರಾಜ್ಯದ ಬಚಾಟ ನೆನಪಾಗುತ್ತದೆ. ಅದು ಬಡವರ ಗಿಟಾರ್ ಸಂಗೀತ. ಸರ್ವಾಧಿಕಾರಿ ಟ್ರುಹಿಯೊ 1961ರಲ್ಲಿ ಹತನಾದ ಮರುವರ್ಷ ಹೊಸೆ ಮಾನ್ಯುಯೆಲ್ ಕಾಲ್ದೆರೋನ್ ಅದನ್ನು ಧ್ವನಿಮುದ್ರಿಸಿದ. ಸಾರಾಯಿ ಅಂಗಡಿಯ ಹಾಡೆಂದು ಉಳ್ಳವರು ದೂರವಿಟ್ಟರು. 1990ರಲ್ಲಿ ಹುವಾನ್ ಲೂಯಿಸ್ ಗೆರ್ರಾನ 'ಬಚಾಟ ರೋಸಾ' ಬಂದ ಮೇಲೆ ಅವರ ಪಡಸಾಲೆಯೂ ತೆರೆಯಿತು. 2019ರಲ್ಲಿ ಬಚಾಟ ಯುನೆಸ್ಕೊ ಪಟ್ಟಿಗೂ ಸೇರಿತು.

ಕೋಲಾರದ ಹಾಡಿಗೂ ಬೇರೆ ವೇದಿಕೆಗಳು ಸಿಕ್ಕಿವೆ. ದಲಿತ ಚಳವಳಿಯವರು ಜನಪದ ಧಾಟಿಗೆ ತಮಟೆ ಕಟ್ಟಿ ಬೀದಿಗೆ ತಂದರು. ಚಳವಳಿಗೆ ಹಾಡು ಬರೆದ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ 'ಆದಿಮ'ದ ಹುಣ್ಣಿಮೆ ಹಾಡು ಹೆಸರು ಮಾಡಿತು. ಹಾಡುಗಾರ ಪಿಚ್ಚಳ್ಳಿ ಶ್ರೀನಿವಾಸ್ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆದರು. ತಮಟೆಗೆ ಸಿಕ್ಕ ಈ ಭಾಗ್ಯ ತಂಬೂರಿಗೆ ಸಿಗಲಿಲ್ಲ ಎಂಬುದು ನನ್ನ ಕೊರಗು.

ಹಾರ್ಮೋನಿಯಂ ಬಂದಾಗ ತಂಬೂರಿ ಮೂಲೆಗೆ ಸರಿಯಿತು, ಕೀಬೋರ್ಡ್ ಬಂದಾಗ ಅಟ್ಟ ಸೇರಿತು. ಅದಕ್ಕಿಂತ ದೊಡ್ಡ ಪೆಟ್ಟು ರಾತ್ರಿ ಪಾಳಿಯದು. ನರಸಾಪುರ, ಮಾಲೂರಿನ ಕಾರ್ಖಾನೆಗಳ ಬಸ್ಸು ಹಳ್ಳಿಯ ಹುಡುಗರನ್ನು ಹತ್ತಿಸಿಕೊಳ್ಳುವ ಹೊತ್ತೇ ಭಜನೆ ಶುರುವಾಗುವ ಹೊತ್ತು. ಸಂಬಳ ಬಿಟ್ಟು ತಾಳ ಹಾಕಲು ಬನ್ನಿ ಎಂದು ಯಾವ ಬಾಯಲ್ಲಿ ಕರೆಯುವುದು? ತಾತಯ್ಯನ ಪದಗಳು ಅಚ್ಚಾಗಿವೆ, ಉಳಿಯುತ್ತವೆ. ಅತ್ತೆ ಊರಿನ ಧಾಟಿಯನ್ನು ಯಾರೂ ಅಚ್ಚು ಹಾಕಿಲ್ಲ. ಮೊಬೈಲಿನಲ್ಲಾದರೂ ಹಿಡಿದಿಡಬಹುದು, ಯಾರಾದರೂ ಮನಸ್ಸು ಮಾಡಿದರೆ.

"ಕಲಿಸ್ತೀರಾ ತಾತ?" ಎಂದೆ.

"ಮಾವಿನ ಸುಗ್ಗಿ ಮುಗೀಲಿ, ಈಗ ತೋಪು ಕಾಯಬೇಕು" ಎಂದರು. ಸುಗ್ಗಿ ಮುಗಿಯುವ ಹೊತ್ತಿಗೆ ಗುರುಪೂರ್ಣಿಮೆ, ಕೈವಾರದಲ್ಲಿ ಮೂರು ದಿನ ಹಗಲೂ ರಾತ್ರಿ ಸಂಗೀತ. ಮೊದಲೆಲ್ಲ ತಂಡಕ್ಕೆ ಒಂದು ಟೆಂಪೊ ಸಾಲದಿತ್ತಂತೆ. ಈ ವರ್ಷ ಬಸ್ಸಿಗೆ ಮೂವರೇ, ಅದರಲ್ಲೊಬ್ಬರಿಗೆ ಮಂಡಿ ನೋವು.