ಬೇಕಲ ಕೋಟೆ: ಸೂರ್ಯಾಸ್ತ ನೋಡಿದರೆ ಸಾಲದು

ಕಾಸರಗೋಡು: ಬೇಕಲಕ್ಕೆ ಬರುವ ಪ್ರವಾಸಿಗರಲ್ಲಿ ಹಲವರು ಮೊದಲು ಕೇಳುವುದು 1995ರ ‘ಬಾಂಬೆ’ ಚಿತ್ರದ ಹಾಡು ಚಿತ್ರೀಕರಿಸಿದ ಜಾಗ ಎಲ್ಲಿ ಅಂತ. ಆಮೇಲೆ ಪಳ್ಳಿಕ್ಕೆರೆ ಕಡಲ ಕಿನಾರೆ, ಸೂರ್ಯಾಸ್ತ, ನಾಲ್ಕು ಫೋಟೋ. ಅಲ್ಲಿಗೆ ಪ್ರವಾಸ ಮುಗೀತು!

ಸುಮಾರು 40 ಎಕರೆ ವಿಸ್ತಾರದ ಈ ಕೆಂಪುಕಲ್ಲಿನ ಕೋಟೆಯನ್ನು 17ನೇ ಶತಮಾನದಲ್ಲಿ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಎಂಬುದು ಪ್ರತೀತಿ. ಮುಂದೆ ಇದು ಹೈದರಾಲಿ, ಟಿಪ್ಪು, ಬ್ರಿಟಿಷರ ಕೈ ಸೇರಿತು. 1956ರವರೆಗೆ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಂತರ ಕೇರಳದ ಪಾಲಾಯಿತು.

ಗಡಿನಾಡ ಕನ್ನಡಿಗರು ಮಕ್ಕಳನ್ನು ಕರ್ಕೊಂಡು ಹೋದಾಗ ವೀಕ್ಷಣಾ ಬುರುಜು ಹತ್ತಿಸಿ, ಕಡಲಿನ ಜತೆ ಈ ಕತೆಯನ್ನೂ ಹೇಳಲಿ. ನಾವು ಹೇಳದಿದ್ದರೆ ಹೇಳೋರು ಯಾರು? ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯೋದು ಬೇಡ.