ನಂದಿನಿಗೆ ಮೂರು ಹಂತ ಯಾಕೆ?

ಹಸು ಭಾನುವಾರ ರಜೆ ತಗೊಳ್ಳಲ್ಲ. ಬೆಳಿಗ್ಗೆ, ಸಂಜೆ ಹಾಲು ಕರೆಯಲೇಬೇಕು. ಕರೆದಿದ್ದು ಕೆಲವೇ ಗಂಟೆಗಳಲ್ಲಿ ಕೆಡುತ್ತೆ. ನಂದಿನಿ ಹಾಲಿನ ಹಿಂದಿರೋ ಇಡೀ ವ್ಯವಸ್ಥೆ ನಿಂತಿರೋದು ಈ ತಲೆನೋವಿನ ಮೇಲೇ.

ಊರಲ್ಲಿ ಡೇರಿ, ಅಂದ್ರೆ ಹಾಲು ಉತ್ಪಾದಕರ ಸಂಘ. ಅದರ ಮೇಲೆ ಜಿಲ್ಲಾ ಮಟ್ಟದ ಒಕ್ಕೂಟ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಕರ್ನಾಟಕ ಹಾಲು ಮಹಾಮಂಡಳ, ಅಂದ್ರೆ ಕೆಎಂಎಫ್. ಮಾದರಿ ಗುಜರಾತಿನ ಆಣಂದ್‌ನದು. ನಮ್ಮಲ್ಲಿ 1974ರಲ್ಲಿ ನಿಗಮವಾಗಿ ಶುರುವಾಗಿ, 1984ರಲ್ಲಿ ಮಹಾಮಂಡಳವಾಯ್ತು.

ಹಾಲು ಅಳೆಯೋದು, ಫ್ಯಾಟ್ ನೋಡೋದು ಊರಲ್ಲೇ. ಅದಕ್ಕೆ ಬೆಂಗಳೂರಿನ ಅಪ್ಪಣೆಗೆ ಕಾಯ್ತಾ ಕೂತ್ರೆ ಹಾಲು ಒಡೆದೇ ಹೋಗುತ್ತೆ! ಪಾಶ್ಚರೀಕರಣಕ್ಕೆ ದೊಡ್ಡ ಯಂತ್ರ ಬೇಕು. ಅದು ಒಕ್ಕೂಟದ ಕೆಲಸ. ಬ್ರ್ಯಾಂಡು ಮಹಾಮಂಡಳದ್ದು.

ನನಗೆ ಹಿಡಿಸೋದು ಡೇರಿಯ ರೂಢಿ. ಒಂದು ಹಸು ಸಾಕಿದವರಿಗೂ ಹತ್ತು ಹಸು ಸಾಕಿದವರಿಗೂ ಒಂದೇ ಓಟು. ಕ್ಯಾನು ಹಿಡಿದು ಎಲ್ಲರೂ ಒಂದೇ ಸಾಲಲ್ಲಿ. ದುಡ್ಡು ಹಾಲಿನ ಗುಣಮಟ್ಟ ನೋಡಿ, ಮುಖ ನೋಡಿ ಅಲ್ಲ. ನೀರು ಬೆರೆಸಿದ್ರೆ ಊರವರ ಎದುರೇ ಬಯಲು.

ಆದರೆ ಓಟಿದ್ದಲ್ಲಿ ರಾಜಕೀಯ ಬಿಟ್ಟೀತೇ? ಒಕ್ಕೂಟದ ಅಧ್ಯಕ್ಷರ ಕುರ್ಚಿಗೆ ಶಾಸಕರೂ ಪೈಪೋಟಿಗೆ ಇಳೀತಾರೆ.