ಭೀಮಾ ದಂಡೆಯ ನೆಲ ಎಷ್ಟು ಬದಲಾಗಿದೆ? ಉಪಗ್ರಹ ಚಿತ್ರ ಓದುವ ಬಗೆ

ಅಫಜಲಪುರದ ಭೀಮಾ ದಂಡೆಯಲ್ಲಿ ತೊಗರಿ ಹೊಲ ಎಷ್ಟು ಉಳಿದಿದೆ, ಕಬ್ಬು ಎಷ್ಟು ಹಬ್ಬಿದೆ ಎಂದು ಉಪಗ್ರಹ ಚಿತ್ರದಲ್ಲಿ ನೋಡಬೇಕೆಂದರೆ ನವೆಂಬರ್ ತಿಂಗಳ ಚಿತ್ರವನ್ನೇ ನಂಬಬೇಡಿ. ಆಗ ಎಲ್ಲವೂ ಹಸಿರು. ಏಪ್ರಿಲ್ ಕೊನೆಯ ಚಿತ್ರ ತೆರೆಯಿರಿ. ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಯಾಗಿರುತ್ತದೆ, ಹಿಂಗಾರಿ ಬಿಳಿಜೋಳ ಮಾರ್ಚ್ ಹೊತ್ತಿಗೆ ಕಣ ಸೇರಿರುತ್ತದೆ. ಬಿರುಬೇಸಿಗೆಯಲ್ಲೂ ಹಸಿರಾಗಿರುವುದು ಒಂದೋ ನೀರಾವರಿ ಬೆಳೆ, ಇಲ್ಲವೇ ಮರಗಿಡ ಮತ್ತು ಹಳ್ಳದ ಬದಿಯ ಬಳ್ಳಾರಿ ಜಾಲಿ.

ಈ ಹಸಿರನ್ನು ಉಪಗ್ರಹ ಗುರುತಿಸುವುದು ನಮ್ಮ ಕಣ್ಣಿಗೆ ಕಾಣದ ಬೆಳಕಿನಿಂದ. ಜೀವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅವಕೆಂಪು ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಸಸ್ಯ ಸೂಚ್ಯಂಕ, ಅಂದರೆ ಎನ್‌ಡಿವಿಐ. ಬರಿ ಎರೆ ಹೊಲದಲ್ಲಿ ಅದು ಸಾಮಾನ್ಯವಾಗಿ 0.2ರ ಆಸುಪಾಸು, ದಟ್ಟ ಬೆಳೆಯಲ್ಲಿ 0.6 ದಾಟುತ್ತದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ 2015ರಿಂದ ಉಚಿತವಾಗಿ ಸಿಗುತ್ತಿದೆ. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ: 100 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ ಸುಮಾರು 40 ಚುಕ್ಕಿ. ಹಾಗಾಗಿ ಒಂದೆರಡು ಎಕರೆಯ ರೈತನ ಹೊಲವೂ ಇದರಲ್ಲಿ ಬೇರೆಯಾಗಿ ಕಾಣುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನಲ್ಲಿ ಒಂದು ಚುಕ್ಕಿ ಒಂಬತ್ತು ಗುಂಟೆಯಷ್ಟು ದೊಡ್ಡದು, ಬದುಗಳು ಕಲಸಿಹೋಗುತ್ತವೆ. ಆದರೆ 1984ರಿಂದಲೂ ಈ ಅಳತೆಯ ಚಿತ್ರಗಳು ಇರುವುದರಿಂದ ಹಳೆಯದನ್ನು ತಿಳಿಯಲು ಅದೇ ಆಧಾರ. ನಾರಾಯಣಪುರ ಎಡದಂಡೆ ಕಾಲುವೆಯ ಕವಲು ಜೇವರ್ಗಿ ತಾಲ್ಲೂಕಿಗೆ ನೀರು ತಂದ ಮೇಲೆ ಯಾವ ಹೊಲಗಳ ಬೇಸಿಗೆ ಬಣ್ಣ ಬದಲಾಯಿತು ಎಂಬುದನ್ನು ಅದರಲ್ಲೇ ಹುಡುಕಬೇಕು.

ನೀರನ್ನು ಗುರುತಿಸುವುದು ನಮ್ಮ ಸೀಮೆಯಲ್ಲಿ ಇನ್ನೂ ಕಷ್ಟ. ನೀರೂ ಕಪ್ಪು, ನೆನೆದ ಎರೆ ಮಣ್ಣೂ ಕಪ್ಪು. ಹಸಿರು ಮತ್ತು ಅವಕೆಂಪು ಬೆಳಕನ್ನು ಹೋಲಿಸುವ ಜಲ ಸೂಚ್ಯಂಕ ಎರಡನ್ನೂ ಬಹುಪಾಲು ಬೇರ್ಪಡಿಸುತ್ತದೆ; ಆದರೂ ಮಳೆ ಬಂದ ಮರುದಿನದ ಚಿತ್ರವನ್ನು ಬಿಡುವುದೇ ಲೇಸು. ಸೊನ್ನ ಬ್ಯಾರೇಜಿನ ಹಿನ್ನೀರು ಎಲ್ಲಿಯವರೆಗೆ ಚಾಚಿದೆ, ಬೇಸಿಗೆಯಲ್ಲಿ ಎಷ್ಟು ಮರಳು ಬಯಲಾಗುತ್ತದೆ ಎಂಬುದೆಲ್ಲ ಹೀಗೆ ಅಳೆಯಬಹುದು.

ಪ್ರವಾಹ ಬಂದಾಗ ಈ ಕ್ಯಾಮೆರಾಗಳು ಕೈಕೊಡುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಮೇಲೆ ಮೋಡ ಕವಿದಿರುತ್ತದೆ. ಆಗ ಬೇಕಾದದ್ದು ಸೆಂಟಿನೆಲ್-1ರ ರಾಡಾರ್. ಅದರ ಅಲೆ ಮೋಡವನ್ನೂ ಕತ್ತಲನ್ನೂ ಲೆಕ್ಕಿಸುವುದಿಲ್ಲ. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಅತ್ತ ಜಾರಿಸಿಬಿಡುವುದರಿಂದ ಮುಳುಗಿದ ನೆಲ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪ್ರವಾಹಕ್ಕೆ ಮುಂಚಿನ ಚಿತ್ರದ ಜೊತೆ ಇಟ್ಟು ನೋಡಿದರೆ ಯಾವ ಹೊಲ ಮುಳುಗಿತ್ತು ಎಂಬುದಕ್ಕೆ ದಿನಾಂಕ ಸಮೇತ ಗುರುತು ಸಿಗುತ್ತದೆ. ಪರಿಹಾರಕ್ಕಾಗಿ ಅಲೆಯುವ ರೈತನಿಗೆ ಇದು ಸಣ್ಣ ಆಸರೆಯಲ್ಲ.

ಎರಡೇ ಚಿತ್ರ ನೋಡಿ ತೀರ್ಮಾನಕ್ಕೆ ಬರುವುದು ಮಾತ್ರ ದೊಡ್ಡ ತಪ್ಪು. ಆಳಂದದ ಕೊರಳ್ಳಿ ಬಳಿಯ ಅಮರ್ಜಾ ಜಲಾಶಯ 2023ರಂಥ ಬರದ ವರ್ಷದಲ್ಲಿ ಕುಗ್ಗಿ, ಒಳ್ಳೆಯ ಮಳೆಯಾದ ವರ್ಷ ಮತ್ತೆ ಹರಡಿಕೊಳ್ಳಬಹುದು. ಅದು ಮಳೆಯ ಏರಿಳಿತ, ನೆಲದ ಬದಲಾವಣೆಯಲ್ಲ. ಒಂದೇ ತಿಂಗಳ ಚಿತ್ರಗಳನ್ನು ಐದಾರು ವರ್ಷಗಳದ್ದಾದರೂ ಸಾಲಾಗಿ ಇಟ್ಟು ನೋಡಬೇಕು. ಆಮೇಲೆ ನಕ್ಷೆಯಿಂದ ಚೀಟಿ ಎತ್ತಿ ಕೆಲವು ಜಾಗ ಆರಿಸಿಕೊಂಡು, ಅಲ್ಲಿಗೇ ಹೋಗಿ ಬೆಳೆ ನೋಡಬೇಕು, ಹೊಲದವರನ್ನು ಕೇಳಬೇಕು. ಕಬ್ಬೆಂದು ಬಣ್ಣ ಹಚ್ಚಿದ ಜಾಗದಲ್ಲಿ ಜಾಲಿ ಪೊದೆ ಇದ್ದರೆ ನಕ್ಷೆಯನ್ನು ತಿದ್ದಬೇಕು, ಎಷ್ಟು ಕಡೆ ತಪ್ಪಿತೆಂಬುದನ್ನು ಅದರ ಮೇಲೆಯೇ ಬರೆಯಬೇಕು.

ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಊರು, ದಿನಾಂಕ ಆರಿಸಿದರೆ ಸೆಂಟಿನೆಲ್ ಚಿತ್ರಗಳು ಕಾಸಿಲ್ಲದೆ ತೆರೆದುಕೊಳ್ಳುತ್ತವೆ. ಇಸ್ರೋದ ಭುವನ್ ತಾಣದಲ್ಲಿ ಸಿದ್ಧ ಭೂಬಳಕೆ ನಕ್ಷೆಗಳೂ ಇವೆ. ಕಾಲೇಜು ಓದುವ ಮಕ್ಕಳು ತಮ್ಮೂರಿನ ಏಪ್ರಿಲ್ ಚಿತ್ರಗಳನ್ನು ಸಾಲಾಗಿ ಮುದ್ರಿಸಿ ಮುಂದಿನ ಗ್ರಾಮಸಭೆಯಲ್ಲಿ ಹಿರಿಯರ ಮುಂದೆ ಇಡಲಿ.